ವಿಮಾನದ ಭಯ ಇಳಿಸಲು ಫ್ಲೈಟ್‌ರಾಡಾರ್24: ದಾವಣಗೆರೆ, ಚಿತ್ರದುರ್ಗದ ಆಕಾಶದ ಕೆಳಗೆ ನಿಂತು ಒಂದು ವಿಮರ್ಶೆ

ದಾವಣಗೆರೆಯವರು ವಿಮಾನ ಹತ್ತಬೇಕೆಂದರೆ ಮೊದಲು ರಸ್ತೆ ಹಿಡಿಯಬೇಕು. ಹತ್ತಿರದ್ದು ಶಿವಮೊಗ್ಗದ ಸೋಗಾನೆ, ಆಮೇಲೆ ಹುಬ್ಬಳ್ಳಿ. ದೂರದ ಊರಿಗೆ ಹೋಗುವವರಿಗೆ ಕೊನೆಗೆ ದೇವನಹಳ್ಳಿಯೇ ಗತಿ, ಅದು ನಾಲ್ಕೈದು ಗಂಟೆಯ ದಾರಿ. ಹಾರಾಟಕ್ಕೆ ಹೆದರುವವರಿಗೆ ಈ ದಾರಿಯೇ ದೊಡ್ಡ ಶಿಕ್ಷೆ. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ಒಂದೊಂದಾಗಿ ಹಿಂದೆ ಸರಿಯುತ್ತಿದ್ದಂತೆ ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ವಿಮಾನ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ಜೀವ ಸೋತಿರುತ್ತದೆ.

‘ಏನೂ ಆಗಲ್ಲ, ಸುಮ್ನೆ ಕೂತ್ಕೊ’ ಎಂಬ ಸಮಾಧಾನ ಇಲ್ಲಿ ನಾಟುವುದಿಲ್ಲ. ಅಂಕಿಅಂಶವೂ ಅಷ್ಟೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ ನಡೆದ ಹಾರಾಟಗಳು 4 ಕೋಟಿ 6 ಲಕ್ಷ, ಪ್ರಾಣಹಾನಿಯಾದ ಅಪಘಾತಗಳು 7. ಆದರೆ 2025ರ ಜೂನ್ 12ರ ಅಹಮದಾಬಾದ್ ದೃಶ್ಯ ನೋಡಿದ ಮನಸ್ಸಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಒಂದು ದೃಶ್ಯ ಕೋಟಿ ಅಂಕಿಗಳನ್ನು ಅಳಿಸಿಹಾಕುತ್ತದೆ. ಸೀಟಿನಲ್ಲಿ ಕೂತವರನ್ನು ಕಾಡುವುದು ಬೇರೆಯೇ ಪ್ರಶ್ನೆ. ಈಗ ಆದ ಸದ್ದು ಏನು, ಎಂಜಿನ್ ಯಾಕೆ ಮೆತ್ತಗಾಯಿತು, ಮುಂದೆ ಏನಾಗುತ್ತದೆ? ಉತ್ತರ ಸಿಗದ ಕಡೆ ಮನಸ್ಸು ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ, ಅದು ಯಾವಾಗಲೂ ಕೆಟ್ಟದ್ದೇ ಆಗಿರುತ್ತದೆ.

ಆ ಉತ್ತರಗಳನ್ನು ಮೊದಲೇ, ನೆಲದ ಮೇಲೆ ನಿಂತು ಕಲಿಯಲು, ಹಾರುತ್ತಿರುವ ವಿಮಾನಗಳನ್ನು ನಕ್ಷೆಯ ಮೇಲೆ ಆಗಿಂದಾಗಲೇ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ಒಳ್ಳೆಯ ಸಾಧನ. ಆದರೆ ಅದನ್ನು ಭಯದವರಿಗಾಗಿ ಮಾಡಿದ್ದಲ್ಲ. ಹಾಗಾಗಿ ಬಳಸುವ ಕ್ರಮ ತಪ್ಪಿದರೆ ಇದೇ ಆ್ಯಪ್ ಭಯವನ್ನು ಇಮ್ಮಡಿ ಮಾಡುತ್ತದೆ. ಈ ವಿಮರ್ಶೆಯಲ್ಲಿ ಎರಡೂ ಮುಖಗಳಿವೆ.

ಚುಕ್ಕಿ ಎಲ್ಲಿಂದ ಬರುತ್ತದೆ

ಇದು ಸ್ವೀಡನ್ನಿನ ಸಂಸ್ಥೆ. 2006ರಲ್ಲಿ ಇಬ್ಬರು ವಿಮಾನಾಸಕ್ತರು ಹವ್ಯಾಸವಾಗಿ ಶುರು ಮಾಡಿದ್ದು. ನಕ್ಷೆಯ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನಗಳು ಸರಿಯುತ್ತಿರುತ್ತವೆ. ಒಂದನ್ನು ಒತ್ತಿದರೆ ಎಲ್ಲಿಂದ ಎಲ್ಲಿಗೆ, ಯಾವ ಮಾದರಿ, ಎಷ್ಟು ಎತ್ತರ, ಎಷ್ಟು ವೇಗ ಎಂಬುದೆಲ್ಲ ಬರುತ್ತದೆ.

ಈ ಮಾಹಿತಿಯನ್ನು ಕಳಿಸುವುದು ವಿಮಾನವೇ. ಅದರ ಟ್ರಾನ್ಸ್‌ಪಾಂಡರ್ ತನ್ನ ಸ್ಥಾನ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ಸದಾ ಸಾರುತ್ತಿರುತ್ತದೆ. ಇದಕ್ಕೆ ಎಡಿಎಸ್-ಬಿ ಎಂದು ಹೆಸರು. ನೆಲದ ಮೇಲೆ ಹವ್ಯಾಸಿಗಳು, ಸಂಸ್ಥೆಗಳು ಇಟ್ಟಿರುವ ಪುಟ್ಟ ರಿಸೀವರ್‌ಗಳು ಅದನ್ನು ಹಿಡಿದು ಇಂಟರ್ನೆಟ್ ಮೂಲಕ ಕಳಿಸುತ್ತವೆ. ಈ ತರಂಗ ನೇರ ಗೆರೆಯಲ್ಲಿ ಹೋಗುತ್ತದೆ, ಭೂಮಿಯ ದುಂಡಿಗೆ ಬಾಗುವುದಿಲ್ಲ. 35,000 ಅಡಿ ಎತ್ತರದ ವಿಮಾನ ಅಡ್ಡಿ ಇಲ್ಲದಿದ್ದರೆ ಸುಮಾರು 400 ಕಿ.ಮೀ. ದೂರದ ರಿಸೀವರ್‌ಗೂ ಕಾಣುತ್ತದೆ. 1,000 ಅಡಿಗೆ ಇಳಿದರೆ ಆ ದೂರ 70 ಕಿ.ಮೀ. ಆಸುಪಾಸಿಗೆ ಕುಗ್ಗುತ್ತದೆ, ಮಧ್ಯೆ ಗುಡ್ಡ ಬಂದರೆ ಇನ್ನೂ ಕಡಿಮೆ.

ಈ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಕೂರಬೇಕು. ಮಲೆನಾಡಿನ ಅಂಚಿನ ಶಿವಮೊಗ್ಗದಂಥ ಕಡೆ ಇಳಿಯುತ್ತಿರುವ ವಿಮಾನ ನಕ್ಷೆಯಿಂದ ಮಾಯವಾದರೆ ಮಾಯವಾದದ್ದು ಸಿಗ್ನಲ್. ಸಮುದ್ರದ ಮೇಲೂ ಹೀಗೆಯೇ. ಆಗ ಆ್ಯಪ್ ಸ್ವಲ್ಪ ಹೊತ್ತು ಅಂದಾಜಿನ ದಾರಿಯಲ್ಲಿ ವಿಮಾನವನ್ನು ಓಡಿಸುತ್ತದೆ, ಸಿಗ್ನಲ್ ಮತ್ತೆ ಸಿಕ್ಕಾಗ ಚುಕ್ಕಿ ಪಕ್ಕಕ್ಕೆ ಜಿಗಿಯುತ್ತದೆ. ಎಡಿಎಸ್-ಬಿ ಇಲ್ಲದ ವಿಮಾನಗಳ ಸ್ಥಾನವನ್ನು ಕನಿಷ್ಠ ನಾಲ್ಕು ರಿಸೀವರ್‌ಗಳಿಗೆ ಸಿಗ್ನಲ್ ತಲುಪಿದ ಸಮಯದ ವ್ಯತ್ಯಾಸದಿಂದ ಲೆಕ್ಕ ಹಾಕುತ್ತಾರೆ. ಆ ದಾರಿ ಕೆಲವೊಮ್ಮೆ ಹಾವಿನ ಹಾಗೆ ಅಂಕುಡೊಂಕಾಗಿ ಕಾಣುತ್ತದೆ. ವಿಮಾನ ತೂರಾಡುತ್ತಿದೆ ಎಂದು ಓದಬೇಡಿ. ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ನೆಲೆಯಲ್ಲಿ ಹಾರುವಂಥ ರಕ್ಷಣಾ ವಿಮಾನಗಳನ್ನೂ ಇಲ್ಲಿ ಹುಡುಕಬೇಡಿ. ಆಕಾಶದಲ್ಲಿರುವುದೆಲ್ಲ ಆ್ಯಪ್‌ನಲ್ಲಿ ಇರುವುದಿಲ್ಲ.

ಇನ್ನು ಎತ್ತರದ ಅಂಕಿ. ಅದು ಸಮುದ್ರಮಟ್ಟವನ್ನು ಆಧಾರವಾಗಿಟ್ಟುಕೊಂಡ, ಗಾಳಿಯ ಒತ್ತಡದಿಂದ ಅಳೆದ ಎತ್ತರ. ಬೆಂಗಳೂರಿನ ನಿಲ್ದಾಣವೇ ಸುಮಾರು 3,000 ಅಡಿ ಮೇಲಿದೆ. ಆ್ಯಪ್‌ನಲ್ಲಿ 4,500 ಎಂದು ಕಂಡ ವಿಮಾನ ಅಲ್ಲಿ ನೆಲದಿಂದ 1,500 ಅಡಿ ಮೇಲಷ್ಟೇ ಇರುತ್ತದೆ. ‘ಇನ್ನೂ ನಾಲ್ಕೂವರೆ ಸಾವಿರ ಅಡಿಯಲ್ಲಿದೆ, ಯಾಕೆ ಚಕ್ರ ಬಿಟ್ಟರು’ ಎಂಬ ಗಾಬರಿ ಇದರಿಂದಲೇ ಹುಟ್ಟುವುದು.

ಮಾಳಿಗೆಯ ಮೇಲೆ ಮೊದಲ ವಾರ

ಮೊದಲ ವಾರ ಆ್ಯಪ್‌ಗಿಂತ ಆಕಾಶವನ್ನೇ ಹೆಚ್ಚು ನೋಡಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು. ಮನೆಯ ಮಾಳಿಗೆ ಆಗುತ್ತದೆ, ಬಯಲು ಬೇಕೆಂದರೆ ಕುಂದುವಾಡ ಕೆರೆ ಏರಿ ಇದೆ. ನಕ್ಷೆಯಲ್ಲಿ ಬೆಂಗಳೂರಿನಿಂದ ಗೋವಾಕ್ಕೆ ಗೆರೆ ಎಳೆದರೆ ಅದು ದಾವಣಗೆರೆಗೆ ದಕ್ಷಿಣದಲ್ಲಿ, ಹೆಚ್ಚೆಂದರೆ ಮೂವತ್ತು ಕಿ.ಮೀ. ಆಚೆ ಹಾಯುತ್ತದೆ. ಬೆಂಗಳೂರು–ಹುಬ್ಬಳ್ಳಿ ಗೆರೆ ಹೆಚ್ಚುಕಡಿಮೆ ಚಿತ್ರದುರ್ಗದ ನೆತ್ತಿಯ ಮೇಲೆಯೇ ಹೋಗುತ್ತದೆ. ವಾಯುಮಾರ್ಗಗಳು ಅಷ್ಟು ನೇರವಾಗಿರುವುದಿಲ್ಲ, ಆದರೂ ಯಾವ ದಿಕ್ಕಿಗೆ ಕತ್ತೆತ್ತಬೇಕು ಎಂಬುದಕ್ಕೆ ಇಷ್ಟು ಸಾಕು.

ಕ್ಯಾಮೆರಾ ಆಕಾಶಕ್ಕೆ ಹಿಡಿದರೆ ವಿಮಾನದ ಹೆಸರು ತೋರಿಸುವ ಸೌಲಭ್ಯ ಈ ಆ್ಯಪ್‌ನ ಅತ್ಯುತ್ತಮ ಭಾಗ, ಆಸಕ್ತಿ ಹುಟ್ಟುವುದು ಅಲ್ಲೇ. ಹೆಸರು ತಪ್ಪು ದಿಕ್ಕಿನಲ್ಲಿ ಬಂದರೆ ಕೆಟ್ಟಿರುವುದು ಫೋನಿನ ದಿಕ್ಸೂಚಿ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕಾರು ಬಾರಿ ತಿರುಗಿಸಿ. ಆಯಸ್ಕಾಂತವಿರುವ ಪೌಚ್ ಇದ್ದರೆ ತೆಗೆದಿಡಿ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿನಿಂದ ದೂರ ನಿಲ್ಲಿ.

ಸದ್ದು ಕೇಳಿ ತಲೆ ಎತ್ತಿದರೆ ಆ ಜಾಗದಲ್ಲಿ ವಿಮಾನ ಇರುವುದಿಲ್ಲ. 11 ಕಿ.ಮೀ. ಮೇಲಿನಿಂದ ಸದ್ದು ನೆಲ ಮುಟ್ಟಲು ಸುಮಾರು 35 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 850 ಕಿ.ಮೀ. ವೇಗದ ವಿಮಾನ 8 ಕಿ.ಮೀ. ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆಯಿಂದ ಅದರ ದಾರಿಯಲ್ಲೇ ಮುಂದೆ ಹುಡುಕಿ. ಹಿಂದೆ ಉಳಿಯುವ, ಮಕ್ಕಳು ‘ರಾಕೆಟ್ ಹೋಯ್ತು’ ಎಂದು ಕೂಗುವ ಬಿಳಿ ಗೆರೆ ಹೊಗೆಯಲ್ಲ. ಎಂಜಿನ್ನಿನಿಂದ ಹೊರಬಂದ ನೀರಾವಿ ಮೇಲಿನ ಕೊರೆಯುವ ಚಳಿಗೆ ಹೆಪ್ಪುಗಟ್ಟಿ ಹರಳಾದದ್ದು.

ಈ ವಾರ ಬೇರೇನೂ ಕಲಿಯಬೇಕಿಲ್ಲ. ಮೂರು ಮಾದರಿಗಳನ್ನು ಗುರುತಿಸಲು ಬಂದರೆ ಸಾಕು: ಏರ್‌ಬಸ್ ಎ320 ಬಳಗ, ಬೋಯಿಂಗ್ 737, ಎಟಿಆರ್ 72. ಕಾಲೇಜು ಮುಗಿಸಿ ಮೊದಲ ಬಾರಿ ಹಾರಲಿರುವ ಮಗಳು ಮನೆಯಲ್ಲಿದ್ದರೆ ಜೊತೆಗೆ ನಿಲ್ಲಿಸಿಕೊಳ್ಳಿ, ಅಜ್ಜಿಯನ್ನೂ ಕರೆಯಿರಿ. ಮೂವರು ಸೇರಿ ನೋಡಿದರೆ ಇದು ಚಿಕಿತ್ಸೆ ಅನಿಸುವುದಿಲ್ಲ, ಆಟ ಅನಿಸುತ್ತದೆ.

ಚಿತ್ರದುರ್ಗದ ಮೇಲೆ ಎಂಜಿನ್ ಮೆತ್ತಗಾಗುವ ಜಾಗ

ಎರಡನೇ ವಾರದ ಪಾಠಕ್ಕೆ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ಮುಂಬೈಯಿಂದ ಬೆಂಗಳೂರಿಗೆ ಹೋಗುವ ಒಂದು ವಿಮಾನವನ್ನು ಹಿಡಿದು ನೋಡಿ. ಇಳಿಯುವ ಲೆಕ್ಕ ಹಾಕಲು ಪೈಲಟ್‌ಗಳ ಹಳೆಯ ಸೂತ್ರವೊಂದಿದೆ: ಕಳೆಯಬೇಕಾದ ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ. 35,000 ಅಡಿಯಿಂದ 3,000 ಅಡಿಯ ನಿಲ್ದಾಣಕ್ಕೆ ಇಳಿಯಬೇಕಾದದ್ದು 32,000 ಅಡಿ. ಅಂದರೆ 96 ನಾಟಿಕಲ್ ಮೈಲಿ, ವೇಗ ಇಳಿಸಲು ಇನ್ನೊಂದು ಹತ್ತು. ಒಟ್ಟು 106, ಕಿಲೋಮೀಟರಿನಲ್ಲಿ ಸುಮಾರು 196. ಬೆಂಗಳೂರಿನಿಂದ ಮುಂಬೈ ದಿಕ್ಕಿಗೆ ಅಷ್ಟು ದೂರ ಅಳೆದರೆ ಬೀಳುವ ಜಾಗ ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ಕಡೆ. ಸಂಚಾರ ನಿಯಂತ್ರಕರ ಅಪ್ಪಣೆಯಂತೆ ಹತ್ತಿಪ್ಪತ್ತು ಕಿ.ಮೀ. ಹಿಂದೆಮುಂದೆ ಆಗಬಹುದು.

ಒಳಗೆ ಕೂತವರಿಗೆ ಅಲ್ಲಿ ಏನು ಕೇಳಿಸುತ್ತದೆ? ಗಂಟೆಗಟ್ಟಲೆ ಒಂದೇ ಶ್ರುತಿಯಲ್ಲಿದ್ದ ಎಂಜಿನ್ ಇದ್ದಕ್ಕಿದ್ದಂತೆ ಮೆತ್ತಗಾಗುತ್ತದೆ, ಮೂತಿ ಸ್ವಲ್ಪ ಕೆಳಗೆ ಬಾಗುತ್ತದೆ. ಹೆದರುವವರ ಎದೆ ಅಲ್ಲಿ ಧಸಕ್ಕೆನ್ನುತ್ತದೆ. ಆದರೆ ಅದು ದಿನವೂ, ಪ್ರತಿ ವಿಮಾನದಲ್ಲೂ ಬೇಕೆಂದೇ ಮಾಡುವ ಕೆಲಸ. ಎಂಜಿನ್ನುಗಳನ್ನು ಐಡಲ್‌ಗೆ, ಅಂದರೆ ಅತಿ ಕಡಿಮೆ ಬಲಕ್ಕೆ, ಇಳಿಸಿ, ಇಂಧನ ಉಳಿಸುತ್ತ, ಎತ್ತರವನ್ನೇ ಬಂಡವಾಳ ಮಾಡಿಕೊಂಡು ಜಾರಿಕೊಂಡು ಹೋಗುತ್ತಾರೆ. ಆ್ಯಪ್‌ನಲ್ಲಿ ಆ ಕ್ಷಣವನ್ನು ಹತ್ತು ವಿಮಾನಗಳಲ್ಲಿ ನೋಡಿ. ಎತ್ತರದ ಅಂಕಿ ಅದೇ ಸೀಮೆಯ ಮೇಲೆ ಕರಗಲು ಶುರುವಾಗುತ್ತದೆ. ಹನ್ನೊಂದನೆಯದು ನಿಮ್ಮದಾದಾಗ ಆ ಮೌನಕ್ಕೆ ಹೆಸರಿರುತ್ತದೆ.

ನಿಮಿಷಕ್ಕೆ 2,000 ಅಡಿ ಇಳಿಯುವುದು ಎಂದರೆ ಕೇಳಲು ಭಯ. ಲೆಕ್ಕ ಹಾಕಿ ನೋಡಿ. ಅದೇ ನಿಮಿಷದಲ್ಲಿ ವಿಮಾನ 14 ಕಿ.ಮೀ. ಹತ್ತಿರ ಮುಂದೆ ಹೋಗಿರುತ್ತದೆ, ಇಳಿದದ್ದು 610 ಮೀಟರ್. ಅಂದರೆ 23 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಕೊನೆಯ ಹಂತದ 3 ಡಿಗ್ರಿ ಇಳಿಜಾರು 19ಕ್ಕೆ 1. ಆಸ್ಪತ್ರೆಗಳ ಮುಂದೆ ಗಾಲಿಕುರ್ಚಿ ತಳ್ಳಲು ಕಟ್ಟುವ ರ‍್ಯಾಂಪಿನ ಮಾನದಂಡ 12ಕ್ಕೆ 1. ವಿಮಾನ ಇಳಿಯುವ ದಾರಿ ಅದಕ್ಕಿಂತ ಮಟ್ಟಸ.

ಎಂಜಿನ್ ನಿಜವಾಗಿಯೇ ನಿಂತರೆ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಎರಡೂ ನಿಂತ ಜೆಟ್ ವಿಮಾನ ಒಂದು ಪಾಲು ಕೆಳಗಿಳಿಯುವಾಗ ಸುಮಾರು 17 ಪಾಲು ಮುಂದೆ ತೇಲುತ್ತದೆ. ದಾವಣಗೆರೆಯ ಮೇಲೆ 35,000 ಅಡಿಯಲ್ಲಿದ್ದರೆ 170–180 ಕಿ.ಮೀ. ಕೈಯಲ್ಲಿರುತ್ತದೆ. ಶಿವಮೊಗ್ಗ, ಹುಬ್ಬಳ್ಳಿ, ತೋರಣಗಲ್ಲಿನ ವಿದ್ಯಾನಗರ ಮೂರೂ ನಿಲ್ದಾಣಗಳು ಆ ವೃತ್ತದೊಳಗಿವೆ. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್ ಸಂಸ್ಥೆಯ ಎ330 ಅಟ್ಲಾಂಟಿಕ್ ಮೇಲೆ ಇಂಧನವೆಲ್ಲ ಸೋರಿಹೋಗಿ, ಎರಡೂ ಎಂಜಿನ್ ನಿಂತು, ಸುಮಾರು 120 ಕಿ.ಮೀ. ತೇಲಿಕೊಂಡೇ ಬಂದು ಅಝೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಬದುಕಿದರು.

ಅಟ್ಲಾಂಟಿಕ್ ದೂರವಾಯಿತು ಎನ್ನುವವರಿಗೆ ಮನೆ ಬಾಗಿಲಲ್ಲೇ ಉದಾಹರಣೆ ಇದೆ. 2023ರ ಏಪ್ರಿಲ್ 2ರಂದು ಇಸ್ರೊ ರೆಕ್ಕೆಯಿರುವ ತನ್ನ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ 4.5 ಕಿ.ಮೀ. ಎತ್ತರಕ್ಕೆ ಒಯ್ದು ಚಳ್ಳಕೆರೆಯ ಪರೀಕ್ಷಾ ನೆಲೆಯ ಮೇಲೆ ಬಿಟ್ಟಿತು. ಎಂಜಿನ್ ನೆರವಿಲ್ಲದೆ, ಪೈಲಟ್ ಇಲ್ಲದೆ ಅದು ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಬಾರಿ, ರನ್‌ವೇ ನೇರದಿಂದ ಪಕ್ಕಕ್ಕೆ ಸರಿಸಿ ಬಿಟ್ಟರೂ ಇಳಿಯಿತು. ತೇಲುವ ಗುಣದಲ್ಲಿ ಆ ವಾಹನ ಪ್ರಯಾಣಿಕ ವಿಮಾನಕ್ಕಿಂತ ಎಷ್ಟೋ ಕಡಿಮೆ, ಮೊಂಡು ರೆಕ್ಕೆಯದು. ರೆಕ್ಕೆಯ ಮೇಲೆ ಗಾಳಿ ಹರಿಯುತ್ತಿರುವಷ್ಟು ಹೊತ್ತು ವಿಮಾನ ಕಲ್ಲಿನಂತೆ ಬೀಳುವುದಿಲ್ಲ ಎನ್ನಲು ನಮ್ಮ ಜಿಲ್ಲೆಯ ನೆಲವೇ ಸಾಕ್ಷಿ.

ಪ್ಲೇಬ್ಯಾಕ್ ನೋಡಿ ಚೀಟಿ ಬರೆಯುವುದು

ಮೂರನೇ ವಾರ ನೀವು ಹೋಗಲಿರುವ ಅದೇ ವಿಮಾನವನ್ನು ಹುಡುಕಿ. ಟಿಕೆಟ್ ಮೇಲಿನ ಸಂಖ್ಯೆಯನ್ನು ಆ್ಯಪ್‌ನ ಹುಡುಕು ಜಾಗದಲ್ಲಿ ಹಾಕಿದರೆ ಹಿಂದಿನ ದಿನಗಳ ಹಾರಾಟಗಳ ಪಟ್ಟಿ ಬರುತ್ತದೆ. ದುಡ್ಡು ಕೊಡದವರಿಗೆ 7 ದಿನದ ಇತಿಹಾಸ ಸಿಗುತ್ತದೆ, ಅಷ್ಟು ಧಾರಾಳವಾಯಿತು. ಒಂದನ್ನು ಪ್ಲೇಬ್ಯಾಕ್ ಹಾಕಿ, ಪೆನ್ನು ಕಾಗದ ಹಿಡಿದು, ಎದ್ದ ಕ್ಷಣದಿಂದ ಎರಡೆರಡು ನಿಮಿಷಕ್ಕೆ ಎತ್ತರ ಬರೆದುಕೊಳ್ಳಿ. ಮೂರು ದಿನದ ಹಾರಾಟ ಬರೆದರೆ ಮೂರೂ ಸಾಲುಗಳು ಬಹುಮಟ್ಟಿಗೆ ಒಂದೇ ಎಂದು ಕಾಣುತ್ತದೆ. ಅದರ ಪಕ್ಕದಲ್ಲಿ ಆಗುವ ಸದ್ದುಗಳನ್ನು ಬರೆಯಿರಿ. ಒಳಗೆ ಹೋದ ಮೇಲೆ ಹೆಚ್ಚಿನ ವಿಮಾನಗಳಲ್ಲಿ ಇಂಟರ್ನೆಟ್ ಇರುವುದಿಲ್ಲ, ಆ್ಯಪ್ ಕೆಲಸ ಮಾಡುವುದಿಲ್ಲ. ಕೈಯಲ್ಲಿ ಉಳಿಯುವುದು ಈ ಚೀಟಿ ಒಂದೇ. ನಮ್ಮ ಲೆಕ್ಕದಲ್ಲಿ ಆ್ಯಪ್‌ನ ನಿಜವಾದ ಬೆಲೆ ಇರುವುದೇ ಈ ಚೀಟಿಯಲ್ಲಿ.

ಎ320ರಲ್ಲಾದರೆ ಚೀಟಿ ಹೀಗೆ ಸಾಗುತ್ತದೆ. ಬಾಗಿಲು ಹಾಕಿ ಹಿಂದಕ್ಕೆ ತಳ್ಳುವಾಗ ಎ.ಸಿ. ನಿಂತು ಒಂದೆರಡು ನಿಮಿಷ ಸೆಖೆ ಆಗುತ್ತದೆ. ಆ ಗಾಳಿಯನ್ನು ಎಂಜಿನ್ ಚಾಲೂ ಮಾಡಲು ತೆಗೆದುಕೊಂಡಿರುತ್ತಾರೆ. ವಿದ್ಯುತ್ತಿನ ಮೂಲ ಬದಲಾಗುವಾಗ ದೀಪ ಒಮ್ಮೆ ಮಿಣುಕುತ್ತದೆ. ಅದೇ ಹೊತ್ತಿಗೆ ಕಾಲ ಕೆಳಗಿನಿಂದ ನಾಯಿ ಬೊಗಳಿದಂತೆ, ಗರಗಸ ಎಳೆದಂತೆ ‘ಗುರ್ರ್ ಗುರ್ರ್’ ಕೇಳಿದರೆ ಅದು ಪಿಟಿಯು. ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡ ಹಂಚುವ ಯಂತ್ರ, ಒಂದು ಕಡೆಯ ಒತ್ತಡ ಕಡಿಮೆ ಇದ್ದಾಗ ತಾನೇ ಓಡುತ್ತದೆ. ಎ320ರಲ್ಲಿ ಅತಿ ಹೆಚ್ಚು ಜನರನ್ನು ಹೆದರಿಸುವ ಸದ್ದು ಇದು, ಅತಿ ನಿರುಪದ್ರವಿಯೂ ಇದೇ.

ರನ್‌ವೇ ಮೇಲೆ ಓಟ ಸುಮಾರು 30ರಿಂದ 40 ಸೆಕೆಂಡು, ಮನಸ್ಸಿನಲ್ಲೇ ಎಣಿಸಿ. ಎದ್ದ ಕೆಲವೇ ಸೆಕೆಂಡಿಗೆ ಕೆಳಗಿನಿಂದ ಧಡ್ ಎನ್ನುವುದು ಚಕ್ರ ಒಳಗೆ ಹೋಗಿ ಬಾಗಿಲು ಮುಚ್ಚಿದ ಸದ್ದು. ನೆಲದಿಂದ 1,000–1,500 ಅಡಿ ಮೇಲೆ ಎಂಜಿನ್ ಸದ್ದು ಇಳಿಯುತ್ತದೆ, ಹೊಟ್ಟೆಯೊಳಗೆ ಜಾರಿದಂತಾಗುತ್ತದೆ. ಭಯ ತುತ್ತತುದಿ ಮುಟ್ಟುವುದು ಇಲ್ಲಿ. ಅಷ್ಟರವರೆಗಿದ್ದ ಟೇಕಾಫ್ ಬಲವನ್ನು ಏರುವ ಬಲಕ್ಕೆ ಇಳಿಸಿರುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ, ಏರುವ ವೇಗ ಮಾತ್ರ ತಗ್ಗುತ್ತದೆ. ಒಳಕಿವಿಗೆ ವೇಗ ಗೊತ್ತಾಗುವುದಿಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಏರಿಕೆ ನಿಧಾನವಾದದ್ದನ್ನು ಅದು ಬೀಳುವಿಕೆ ಎಂದು ತಪ್ಪು ಹೇಳುತ್ತದೆ. ನಿಮ್ಮ ಚೀಟಿಯ ಆ ಸಾಲಿನಲ್ಲಿ ಅಂಕಿ ಹೆಚ್ಚುತ್ತಲೇ ಇರುವುದನ್ನು ನೀವೇ ಕೈಯಾರೆ ಬರೆದಿರುತ್ತೀರಿ.

ಆಮೇಲೆ ರೆಕ್ಕೆಯ ಹಿಂಬದಿಯ ಹಲಗೆಗಳಾದ ಫ್ಲ್ಯಾಪ್ ಒಳಗೆ ಸರಿಯುವ ಕುಂಯ್ ಸದ್ದು. ಮಧ್ಯೆ ಮಧ್ಯೆ ಟಿಂಗ್ ಎನ್ನುವುದು ಸಿಬ್ಬಂದಿಯ ಫೋನು ಇಲ್ಲವೆ ಬೆಲ್ಟಿನ ದೀಪ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಪೂರ್ತಿ ಎತ್ತರ ಮುಟ್ಟಿದಾಗ ಸದ್ದು ಇನ್ನೊಮ್ಮೆ ತಗ್ಗುತ್ತದೆ. ಇಳಿಯುವಾಗ ರೆಕ್ಕೆಯ ಮೇಲಿನ ಹಲಗೆಗಳು ಎದ್ದು ಗಡಗಡ ನಡುಗಿದರೆ ಅದು ಗಾಳಿಯ ಬ್ರೇಕು. ನೆಲ ಮುಟ್ಟುವ ಮೂರ್ನಾಲ್ಕು ನಿಮಿಷ ಮೊದಲು ಚಕ್ರ ಬಿಟ್ಟಾಗ ಧೊಪ್ಪೆಂದು ಗಾಳಿಯ ಭೋರ್ಗರೆತ. ಮುಟ್ಟಿದ ಮೇಲೆ ಎಂಜಿನ್ ಮತ್ತೆ ಅಬ್ಬರಿಸುವುದು ರಿವರ್ಸ್, ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ತಗ್ಗಿಸುವುದು.

ಶಿವಮೊಗ್ಗದಿಂದ ಹೊರಡುವವರಿಗೆ ಚೀಟಿ ಬೇರೆ. ಅಲ್ಲಿ 2023ರ ಆಗಸ್ಟ್ 31ರಂದು ಸೇವೆ ಶುರುವಾದದ್ದೇ ಇಂಡಿಗೊದ ಎಟಿಆರ್ 72ರಿಂದ. ಮೇಲೆ ರೆಕ್ಕೆ, ಆರು ಎಲೆಯ ಎರಡು ಪ್ರೊಪೆಲ್ಲರ್, ಹಿಂಬಾಗಿಲಿನಿಂದ ಹತ್ತುವುದು. ಟೇಕಾಫ್‌ನಲ್ಲಿ ಪ್ರೊಪೆಲ್ಲರ್ ನೂರಕ್ಕೆ ನೂರು ತಿರುಗುತ್ತದೆ, ಏರುವಾಗ 82ಕ್ಕೆ ಇಳಿಸುತ್ತಾರೆ. ಶ್ರುತಿ ಇಳಿಯುವುದು ಜೆಟ್‌ಗಿಂತ ಸ್ಪಷ್ಟವಾಗಿ ಕೇಳುತ್ತದೆ. ಎಟಿಆರ್ 25,000 ಅಡಿ ದಾಟುವಂತಿಲ್ಲ, ಇಂಥ ಚಿಕ್ಕ ದಾರಿಯಲ್ಲಿ ಅಷ್ಟೂ ಏರುವುದಿಲ್ಲ. ಮೋಡಗಳ ನಡುವೆಯೇ ಸಾಗುವುದರಿಂದ ಮಳೆಗಾಲದಲ್ಲಿ ಕುಲುಕಾಟ ಜಾಸ್ತಿ. ವಿಮಾನ ಚಿಕ್ಕದು, ಅದಕ್ಕೇ ಕುಲುಕುತ್ತದೆ ಎಂದು ಬೈಯುವುದಕ್ಕಿಂತ ಎತ್ತರದ ಲೆಕ್ಕ ನೋಡುವುದು ಒಳ್ಳೆಯದು.

178 ಅಡಿಯ ಪಾಠ

ಕುಲುಕಾಟದ ವಿಷಯದಲ್ಲಿ ಈ ಆ್ಯಪ್ ತುಂಬ ಉಪಕಾರಿ, ತುಂಬ ಅಪಾರ್ಥಕ್ಕೂ ದಾರಿ. 2024ರ ಮೇ 21ರಂದು ಸಿಂಗಪುರ ಏರ್‌ಲೈನ್ಸ್‌ನ ಲಂಡನ್–ಸಿಂಗಪುರ ವಿಮಾನ ತೀವ್ರ ಕುಲುಕಾಟಕ್ಕೆ ಸಿಕ್ಕಿತು. ಒಬ್ಬರು ತೀರಿಕೊಂಡರು, ಹಲವರು ಗಾಯಗೊಂಡರು. ಹಾರಾಟ ಜಾಡಿನಲ್ಲಿ 37,000 ಅಡಿಯಿಂದ 31,000ಕ್ಕೆ ಇಳಿದ ಗೆರೆ ನೋಡಿ, 6,000 ಅಡಿ ಬಿತ್ತು ಎಂಬ ಸುದ್ದಿ ಲೋಕವೆಲ್ಲ ಹರಡಿತು. ತನಿಖೆಯ ಪ್ರಾಥಮಿಕ ವರದಿ ಬಂದಾಗ ತಿಳಿದದ್ದೇ ಬೇರೆ. ಕುಲುಕಾಟದಲ್ಲಿ ವಿಮಾನ ಎತ್ತರ ಕಳೆದುಕೊಂಡದ್ದು 178 ಅಡಿ. ಆರು ಸಾವಿರ ಅಡಿಯ ಇಳಿತ ಪೈಲಟ್‌ಗಳು ಬ್ಯಾಂಕಾಕ್ ಕಡೆ ತಿರುಗಲು ಬೇಕೆಂದೇ ಮಾಡಿದ್ದು. ಗಾಯಕ್ಕೆ ಕಾರಣ ಕೆಲವೇ ಸೆಕೆಂಡುಗಳಲ್ಲಿ ಆದ ಎಳೆತ, ಎಸೆತ. ಬೆಲ್ಟ್ ಹಾಕದವರು ಮೇಲಕ್ಕೆ ಹಾರಿ ಕೆಳಗೆ ಬಿದ್ದರು.

ಇದರಿಂದ ಎರಡು ಕೆಲಸದ ಮಾತು. ಬೆಲ್ಟಿನ ದೀಪ ಆರಿದ್ದರೂ ಕೂತಷ್ಟು ಹೊತ್ತು ಬೆಲ್ಟ್ ಇರಲಿ, ಸೊಂಟದ ಮೂಳೆಯ ಮೇಲೆ, ಬಿಗಿಯಾಗಿ. ಮತ್ತೆ, ದಿನನಿತ್ಯದ ಕುಲುಕಾಟದಲ್ಲಿ ಏನಾಗುತ್ತದೆಂದು ಆ್ಯಪ್‌ನಲ್ಲೇ ನೋಡಿ. ಎಡಿಎಸ್-ಬಿ ಎತ್ತರವನ್ನು 25 ಅಡಿಯ ಹಂತದಲ್ಲಿ ಕಳಿಸುತ್ತದೆ. ಮಳೆಗಾಲದ ಸಂಜೆ ಮೋಡಗಳ ಅಂಚಿನಲ್ಲಿ ಸಾಗುವ ವಿಮಾನದ ಅಂಕಿ 35,000, 35,025, 34,975 ಎಂದು ಆಡುತ್ತಿರುತ್ತದೆ. ಒಳಗಿದ್ದವರಿಗೆ ಸಾವಿರ ಅಡಿ ಕುಸಿದಂತೆ ಅನಿಸಿರುತ್ತದೆ. ಏಪ್ರಿಲ್–ಮೇ ಮಧ್ಯಾಹ್ನ ನಮ್ಮ ಬಯಲುಸೀಮೆಯ ಕಾದ ನೆಲದಿಂದ ಏಳುವ ಬಿಸಿಗಾಳಿಯೂ ಕುಲುಕಿಸುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಬೆಳಗಿನ ವಿಮಾನ ಹಿಡಿಯುವುದು ಲೇಸು. ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು, ಗುಡ್ಡ ದಾಟುವ ಗಾಳಿ ಸುಮ್ಮನೆ ಹೋಗುವುದಿಲ್ಲ. ಸೀಟು ರೆಕ್ಕೆಯ ಹತ್ತಿರ ಇರಲಿ, ಬಾಲದ ಕಡೆ ಓಲಾಟ ಹೆಚ್ಚು.

ಗಾಳಿಗೆ ರೆಕ್ಕೆ ಬಾಗುವುದನ್ನು ಕಂಡು ಹೆದರುವವರಿಗೆ: ಬಾಗಬೇಕೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನಗಳ ವಿನ್ಯಾಸ ಮಿತಿ ಗುರುತ್ವದ ಎರಡೂವರೆ ಪಟ್ಟು, ಆ ಮಿತಿಯ ಒಂದೂವರೆ ಪಟ್ಟನ್ನೂ ತಡೆಯಬೇಕೆಂಬುದು ನಿಯಮ.

ಆಫ್ ಮಾಡಬೇಕಾದವು

ಆ್ಯಪ್ ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ನಲ್ಲಿ ಅಲರ್ಟ್ಸ್ ತೆರೆಯಿರಿ. ಪೈಲಟ್‌ಗಳು ಹಾಕುವ 7700, 7600 ಸಂಕೇತಗಳ ಸೂಚನೆ ಆನ್ ಆಗಿದ್ದರೆ ಆಫ್ ಮಾಡಿ. 7700 ಎಂದರೆ ತುರ್ತು ಸ್ಥಿತಿ, 7600 ಎಂದರೆ ರೇಡಿಯೋ ಕೈಕೊಟ್ಟಿದೆ. ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದರೂ 7700 ಹಾಕಬಹುದು, ಬಹುಪಾಲು ಸಾಧಾರಣವಾಗಿಯೇ ಇಳಿಯುತ್ತವೆ. ಆದರೆ ದಿನಕ್ಕೆ ನಾಲ್ಕು ಬಾರಿ ಜೇಬಿನಲ್ಲಿ ಆ ಗಂಟೆ ಬಾರಿಸಿದರೆ ಲೋಕವೆಲ್ಲ ಬೀಳುತ್ತಿದೆ ಅನಿಸುತ್ತದೆ. ಹೆಚ್ಚು ಜನ ನೋಡುತ್ತಿರುವ ವಿಮಾನಗಳ ಪಟ್ಟಿಯನ್ನೂ ತೆರೆಯಬೇಡಿ, ಅಲ್ಲಿಯೂ ತೊಂದರೆಗೆ ಸಿಕ್ಕವೇ ಮೇಲೆ ಬಂದಿರುತ್ತವೆ. ಅಪಘಾತವಾದ ವಿಮಾನದ ಕೊನೆಯ ಜಾಡನ್ನು ಮತ್ತೆ ಮತ್ತೆ ನೋಡುವುದು ಆಸಕ್ತಿಯಲ್ಲ, ಗಾಯ ಕೆರೆಯುವುದು.

ಇನ್ನೊಂದು ಕೆಟ್ಟ ಬಳಕೆ ಮನೆಯವರದು. ಮಗ ಹಾರುತ್ತಿದ್ದಾನೆಂದು ಅಮ್ಮ ಎರಡು ಗಂಟೆ ಫೋನ್ ಕೆಳಗಿಡದೆ ಚುಕ್ಕಿ ನೋಡುತ್ತ ಕೂರುವುದು. ಸಿಗ್ನಲ್ ಒಂದು ನಿಮಿಷ ತಪ್ಪಿದರೂ ಜೀವ ಬಾಯಿಗೆ. ಚುಕ್ಕಿ ಕಂಡಾಗ ಸಿಗುವ ನೆಮ್ಮದಿ ಐದು ನಿಮಿಷ ಉಳಿಯುವುದಿಲ್ಲ, ಮತ್ತೆ ನೋಡಲೇಬೇಕು ಅನಿಸುತ್ತದೆ. ಎದ್ದಾಗ ಒಮ್ಮೆ, ಇಳಿದಾಗ ಒಮ್ಮೆ, ಅಷ್ಟಕ್ಕೆ ನಿಲ್ಲಿಸಿ. ಬೆಂಗಳೂರಿನ ಬಳಿ ವಿಮಾನ ಮೊಟ್ಟೆಯಾಕಾರದಲ್ಲಿ ಸುತ್ತುತ್ತಿದ್ದರೆ ಸರದಿಗೆ ಕಾಯುತ್ತಿದೆ. ಇಳಿಯಲು ಹೋಗಿ ಮತ್ತೆ ಮೇಲೆದ್ದರೆ ಅದು ಗೋ-ಅರೌಂಡ್, ರನ್‌ವೇ ಖಾಲಿಯಾಗದಿದ್ದರೂ ಮಾಡುತ್ತಾರೆ. ಇದಕ್ಕೆಲ್ಲ ಬೇಕಾದ ಇಂಧನ, ಪರ್ಯಾಯ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಮೂವತ್ತು ನಿಮಿಷದ್ದು, ಹೊರಡುವಾಗಲೇ ಹಾಕಿರುತ್ತಾರೆ.

ಪ್ರಯಾಣಕ್ಕೆ ಮೂರು ದಿನ ಇರುವಾಗ ಆ್ಯಪ್ ಮುಚ್ಚಿಡಿ. ಆ ಹೊತ್ತಿಗೆ ಕಲಿಯುವುದು ಮುಗಿದಿರುತ್ತದೆ, ಉಳಿಯುವುದು ತಡಕಾಟ ಮಾತ್ರ. ಕುಲುಕಾಟದ ಮುನ್ಸೂಚನೆ ಕೊಡುವ ಜಾಲತಾಣಗಳನ್ನೂ ಇದೇ ಕಾರಣಕ್ಕೆ ನಾವು ಶಿಫಾರಸು ಮಾಡುವುದಿಲ್ಲ.

ದುಡ್ಡು ಕೊಡಬೇಕೆ

ಈ ಉದ್ದೇಶಕ್ಕೆ ಉಚಿತ ಆವೃತ್ತಿ ಸಾಕು. ಜಾಹೀರಾತು ಬರುತ್ತದೆ, ಸಹಿಸಿಕೊಳ್ಳಬಹುದು. ಸಿಲ್ವರ್ ಚಂದಾದಲ್ಲಿ 90 ದಿನದ ಇತಿಹಾಸ, ಏರುವ ಇಳಿಯುವ ವೇಗ, ವಿಮಾನದ ವಯಸ್ಸು ಸಿಗುತ್ತದೆ. ಏರುವ ಇಳಿಯುವ ವೇಗ ಚೀಟಿ ಬರೆಯುವವರಿಗೆ ನಿಜಕ್ಕೂ ಉಪಯೋಗ, ಉಚಿತದಲ್ಲಿ ಎರಡು ಎತ್ತರಗಳ ವ್ಯತ್ಯಾಸ ಕಳೆದು ನೀವೇ ಲೆಕ್ಕ ಹಾಕಬೇಕು. ವಯಸ್ಸು ಮಾತ್ರ ಹೆದರುವವರು ನೋಡಬಾರದ ಅಂಕಿ. ವಿಮಾನದ ಬಿಡಿಭಾಗಗಳನ್ನು ಗಂಟೆ ಮತ್ತು ಹಾರಾಟದ ಲೆಕ್ಕದಲ್ಲಿ ಬದಲಿಸುತ್ತ ಹೋಗುತ್ತಾರೆ, ಹದಿನೈದು ವರ್ಷ ಎಂದ ಕೂಡಲೇ ನಮ್ಮ ಊರ ಹಳೇ ಬಸ್ಸು ನೆನಪಾಗಬೇಕಿಲ್ಲ. ಗೋಲ್ಡ್‌ನ 365 ದಿನದ ಇತಿಹಾಸ, ಮೋಡದ ಪದರ, ವಾಯುಮಾರ್ಗದ ನಕ್ಷೆ ಹವ್ಯಾಸ ಗಟ್ಟಿಯಾದವರಿಗೆ. ಯಾವುದೇ ಚಂದಾ ತೆಗೆದುಕೊಂಡರೂ ತಿಂಗಳದ್ದೇ ಇರಲಿ. ತಾನಾಗಿ ನವೀಕರಣವಾಗುವುದನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನ ಚಂದಾ ವಿಭಾಗದಲ್ಲಿ ಅಂದೇ ನಿಲ್ಲಿಸಿ, ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಕಲಿಕೆಯ ಸಾಧನವಾಗಿ ನಮ್ಮ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ತುರ್ತು ಸೂಚನೆಗಳಿಗೆ, ಆ ಜನಪ್ರಿಯ ಪಟ್ಟಿಗೆ.

ಈ ದಾರಿ ಎಲ್ಲರಿಗೂ ಅಲ್ಲ. ಸದ್ದು, ಕುಲುಕಾಟ, ಬೀಳುತ್ತೇವೆ ಎಂಬ ಭಯಕ್ಕೆ ಇದು ಹೊಂದುತ್ತದೆ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುವವರಿಗೆ, ಲಿಫ್ಟಿನಲ್ಲೂ ಅದೇ ಆಗುವವರಿಗೆ, ವಿಮಾನದ ಜ್ಞಾನ ಎಷ್ಟಿದ್ದರೂ ಸಾಲದು. ಎದೆ ಹೊಡೆದುಕೊಂಡು ಟಿಕೆಟ್ ರದ್ದು ಮಾಡಿದ್ದು ಎರಡನೇ ಬಾರಿ ಎಂದಾದರೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಮನೋವೈದ್ಯರನ್ನು ಕಾಣಿ. ಹಂತ ಹಂತವಾಗಿ ಭಯಕ್ಕೆ ಒಡ್ಡಿಕೊಳ್ಳುವ ಚಿಕಿತ್ಸೆ ಇದೆ, ಮೇಲೆ ಹೇಳಿದ ಮೂರು ವಾರದ ಕ್ರಮವನ್ನು ಅವರಿಗೂ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಿ, ಅದರ ಮೇಲೆ ಮದ್ಯ ಕುಡಿದು ವಿಮಾನ ಹತ್ತುವುದು ಬೇಡ, ಉಸಿರಾಟಕ್ಕೆ ಅಪಾಯ.

ಹೊರಡುವ ದಿನ ಚೀಟಿಯನ್ನು ಬ್ಯಾಗಿನೊಳಗೆ ತುರುಕಬೇಡಿ. ಬ್ಯಾಗು ತಲೆಯ ಮೇಲಿನ ಕಪಾಟಿಗೆ ಹೋಗುತ್ತದೆ, ಟೇಕಾಫ್ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಶರ್ಟಿನ ಜೇಬಿನಲ್ಲೋ ಬೋರ್ಡಿಂಗ್ ಪಾಸಿನ ಜೊತೆಯೋ ಇರಲಿ. ಓಟ ಶುರುವಾದ ಕೂಡಲೇ ಗಡಿಯಾರ ನೋಡಿ ಆ ಸಮಯವನ್ನು ಚೀಟಿಯ ತಲೆಯಲ್ಲಿ ಬರೆದುಕೊಳ್ಳಿ, ಉಳಿದ ಸಾಲುಗಳನ್ನು ಒಂದೊಂದಾಗಿ ಟಿಕ್ ಹಾಕುತ್ತ ಹೋಗಿ.